ಪಾವಗಡದ ಮೋಡ, ಡೇಟಾ ಸೆಂಟರ್‌ನ ಹಸಿವು

ಪಾವಗಡದ ಮೇಲೆ ಮೋಡ ಕವಿದರೆ ರಾಜ್ಯದ ಕರೆಂಟ್ ಬೇಡಿಕೆ, ಪೂರೈಕೆ ಸರಿತೂಗಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ಕೂತವರಿಗೆ ತಲೆಬಿಸಿ. ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಅಲ್ಲಿರುವುದು 13,000 ಎಕರೆಯ ಸೋಲಾರ್ ಪಾರ್ಕ್, 2,050 ಮೆಗಾವ್ಯಾಟ್. ಬಿಸಿಲು ಇಳಿದರೆ ಆ ಕೊರತೆಯನ್ನು ಆಗಲೇ ಬೇರೆ ಕಡೆಯಿಂದ ತುಂಬಬೇಕು. ಕರೆಂಟ್ ಏನು ಅಕ್ಕಿಯೇ, ಮೂಟೆ ಕಟ್ಟಿ ಅಟ್ಟದಲ್ಲಿ ಇಡಲು?

ಶರಾವತಿಯ ಟರ್ಬೈನ್ ಕೆಲವೇ ನಿಮಿಷಗಳಲ್ಲಿ ಕೆಲಸಕ್ಕೆ ಇಳಿಯುತ್ತದೆ. ರಾಯಚೂರಿನ ಕಲ್ಲಿದ್ದಲು ಸ್ಥಾವರ ಹಾಗಲ್ಲ. ತಣ್ಣಗಾದ ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಇಂಥ ಸ್ಥಾವರಗಳನ್ನು ‘ಯಾವುದಕ್ಕೂ ಇರಲಿ’ ಅಂತ ಪೂರ್ತಿ ಆರಿಸದೆ ಉರಿಸುತ್ತಲೇ ಇರಬೇಕಾಗುತ್ತದೆ. ನಾಳೆಯ ಬಿಸಿಲಿನ ಅಂದಾಜು ಕೆಟ್ಟಷ್ಟೂ ಈ ‘ಇರಲಿ’ ಜಾಸ್ತಿ. ನನ್ನ ಪ್ರಕಾರ ಎಐ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾವ ತುಂಡಿನಲ್ಲಿ ಎಷ್ಟು ಕರೆಂಟ್ ಬರುತ್ತದೆ ಅಂತ ಸೋಲಾರ್, ಗಾಳಿ ಘಟಕಗಳು ಮೊದಲೇ ಬರೆದುಕೊಡಬೇಕು. ಲೆಕ್ಕ ತೀರಾ ತಪ್ಪಿದರೆ ದಂಡ. ಹವಾಮಾನದ ಮುನ್ಸೂಚನೆ, ಉಪಗ್ರಹದ ಚಿತ್ರ, ಹಳೆಯ ದಿನಗಳ ಉತ್ಪಾದನೆ, ಇಷ್ಟನ್ನೂ ಅರೆದು ಕುಡಿದು ಅಂದಾಜು ಹೇಳುವುದು, ಹಳೆಯ ಲೆಕ್ಕ ನೋಡಿ ತಾನೇ ಕಲಿಯುವ ಎಐ, ಅಂದರೆ ಮಷಿನ್ ಲರ್ನಿಂಗ್‌ಗೆ ಹೇಳಿ ಮಾಡಿಸಿದ ಕೆಲಸ. ಅಮೆರಿಕದ 700 ಮೆಗಾವ್ಯಾಟ್ ಗಾಳಿ ವಿದ್ಯುತ್ತನ್ನು 36 ಗಂಟೆ ಮುಂಚೆ ಅಂದಾಜು ಮಾಡಿ, ಅದರ ಮೌಲ್ಯ ಸುಮಾರು ಶೇ. 20ರಷ್ಟು ಏರಿತು ಎಂದು ಗೂಗಲ್ 2019ರಲ್ಲೇ ಹೇಳಿಕೊಂಡಿತ್ತು. ಆಗ ಚಾಟ್‌ಜಿಪಿಟಿ ಹುಟ್ಟೇ ಇರಲಿಲ್ಲ!

ಅದಕ್ಕೇ ‘ಎಐ ಪರಿಸರ ಉಳಿಸುತ್ತದೆ’ ಅನ್ನುವ ಈಗಿನ ಜಾಹೀರಾತು ನೋಡಿದರೆ ನನಗೆ ಸಿಟ್ಟು. ಮೋಡದ ಲೆಕ್ಕ ಹಾಕುವ ಎಐ ಬೇರೆ. ನನ್ನ ಫೋಟೊವನ್ನು ಕಾರ್ಟೂನ್ ಮಾಡಿಕೊಟ್ಟ ಎಐ ಬೇರೆ. (ಹೌದು, ನಾನೂ ಮಾಡಿಸಿಕೊಂಡೆ. ಮೂಗು ಚೆನ್ನಾಗಿ ಬಂತು.) ಮೊದಲನೆಯದರ ಪುಣ್ಯವನ್ನು ಎರಡನೆಯದರ ಖಾತೆಗೆ ಹಾಕುತ್ತಿದ್ದಾರೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಇಂಟರ್ನೆಟ್, ಎಐ ಎಲ್ಲವನ್ನೂ ಓಡಿಸುವ ಕಂಪ್ಯೂಟರ್ ಕೇಂದ್ರಗಳು, ಅಂದರೆ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಅದು 94,500 ಕೋಟಿ ಆಗಬಹುದು. ಇಡೀ ಜಪಾನ್ ಈಗ ಬಳಸುವುದಕ್ಕಿಂತ ತುಸು ಹೆಚ್ಚೇ. ಈ ಏರಿಕೆಗೆ ಮುಖ್ಯ ಕಾರಣ ಎಐ.

ಡೇಟಾ ಸೆಂಟರ್ ಬೇಡ ಅನ್ನುತ್ತಿಲ್ಲ. ಆದರೆ ಅವುಗಳ ಕೆಲಸವೆಲ್ಲ ಅರ್ಜೆಂಟಾ? ವಿಡಿಯೊ ಸಂಸ್ಕರಣೆಯಂಥ ಕೆಲಸವನ್ನು ಗಾಳಿ, ಬಿಸಿಲು ಜಾಸ್ತಿ ಇರುವ ಹೊತ್ತಿಗೆ ಮುಂದೂಡುವುದನ್ನು ಗೂಗಲ್ 2020ರಲ್ಲೇ ಶುರುಮಾಡಿದೆ. ಅಂದರೆ ಆಗುತ್ತದೆ. ಎಲ್ಲರಿಗೂ ಇದನ್ನೇ ನಿಯಮ ಮಾಡಲಿ.

ನಮ್ಮ ಚಿಕ್ಕಪ್ಪ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಮೋಟಾರು ಹಾಕಲು ಹೋಗುತ್ತಿದ್ದರು. ತ್ರೀ ಫೇಸ್ ಬರುತ್ತಿದ್ದದ್ದೇ ಆಗ. ಕರೆಂಟ್ ಇದ್ದಾಗ ಕೆಲಸ ಮಾಡ್ಕೋ ಅಂತ ರೈತನಿಗೆ ಇಷ್ಟು ವರ್ಷ ಹೇಳಿದ್ದೇವೆ. ಕಂಪ್ಯೂಟರಿಗೆ ಹೇಳಲು ಸಂಕೋಚ ಯಾಕೆ?