ಜೂನ್‌ನಲ್ಲಿ ಎಲ್ಲಿದ್ದಿರಿ?

ನವೆಂಬರ್ ಬಂದರೆ ಎದೆಗೆ ಮತದಾನದ ಸ್ಟಿಕ್ಕರ್ ಅಂಟಿಸಿಕೊಂಡು ಫೋಟೊ ಹಾಕುವ ನ್ಯೂಯಾರ್ಕಿನ ಕನ್ನಡ ಬಂಧುಗಳಿಗೆ, ಪೌರತ್ವ ಪಡೆದು ಮತದ ಹಕ್ಕು ಗಳಿಸಿದವರಿಗೆ, ನನ್ನದೊಂದು ಪ್ರಶ್ನೆ. ಜೂನ್‌ನಲ್ಲಿ ಎಲ್ಲಿದ್ದಿರಿ?

ಈ ಊರಿನ ಸಿಟಿ ಕೌನ್ಸಿಲ್‌ನಲ್ಲಿ 51 ಸ್ಥಾನಗಳಿವೆ. ಹೆಚ್ಚಿನ ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಮುಕ್ಕಾಲು ಪಾಲು ಗೆದ್ದಂತೆಯೇ. ಆ ಟಿಕೆಟ್ ಹಂಚುವುದಕ್ಕೆ ಇಲ್ಲಿ ಹೈಕಮಾಂಡ್ ಇಲ್ಲ. ಪಕ್ಷದಲ್ಲಿ ಹೆಸರು ನೋಂದಾಯಿಸಿಕೊಂಡ ಸಾಮಾನ್ಯ ಮತದಾರರೇ ಜೂನ್‌ನ ನಾಲ್ಕನೆಯ ಮಂಗಳವಾರ ನಡೆಯುವ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಚುನಾವಣೆಯಲ್ಲಿ, ಅದನ್ನು ತೀರ್ಮಾನಿಸುತ್ತಾರೆ. ಅಂದರೆ ನವೆಂಬರ್‌ನಲ್ಲಿ ನೀವು ಹೋಗುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತಿಯಾಗಿರುತ್ತದೆ.

ನಮ್ಮವರಲ್ಲಿ ಬಹಳ ಮಂದಿ ನೋಂದಣಿ ಅರ್ಜಿಯಲ್ಲಿ ಯಾವ ಪಕ್ಷವೂ ಬೇಡವೆಂಬ ಚೌಕಕ್ಕೆ ಗುರುತು ಹಾಕಿ ಕುಳಿತಿದ್ದಾರೆ. ಕೇಳಿದರೆ, 'ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ ಸಾರ್' ಎಂಬ ಘನ ಗಂಭೀರ ಉತ್ತರ. ಆಗಲಿ, ಸ್ವಾಮಿ. ಆದರೆ ಇಲ್ಲಿ ಪಕ್ಷಕ್ಕೆ ಹೆಸರು ಕೊಡುವುದೆಂದರೆ ಬಾವುಟ ಹಿಡಿಯುವುದಲ್ಲ, ಚಂದಾ ಕಟ್ಟುವುದೂ ಅಲ್ಲ. ಹೆಸರು ಕೊಡದವರಿಗೆ ಪ್ರೈಮರಿಯ ಮತಪತ್ರವೇ ಸಿಗುವುದಿಲ್ಲ, ಅಷ್ಟೇ. ಈ ಪದ್ಧತಿ ಸರಿಯೆಂದು ನಾನೂ ಹೇಳುವುದಿಲ್ಲ. ಬದಲಾಗುವ ತನಕ ಮಾತ್ರ ಪಕ್ಷದ ಚೌಕ ತುಂಬದೆ ಬೇರೆ ದಾರಿಯಿಲ್ಲ.

'ನನ್ನ ಒಂದು ಮತದಿಂದ ಏನಾದೀತು?' ಎನ್ನುವವರು 2021ರಲ್ಲಿ ನಗರದ ಹಾರ್ಲೆಮ್ ಭಾಗದಲ್ಲಿ ನಡೆದ ಪ್ರೈಮರಿಯ ಫಲಿತಾಂಶ ನೋಡಬೇಕು. ಹಾಲಿ ಸದಸ್ಯ ಬಿಲ್ ಪರ್ಕಿನ್ಸ್ ಅವರನ್ನು ಕ್ರಿಸ್ಟಿನ್ ರಿಚರ್ಡ್‌ಸನ್ ಜೋರ್ಡನ್ ಸೋಲಿಸಿದ್ದು ನೂರರ ಆಸುಪಾಸಿನ ಮತಗಳ ಅಂತರದಲ್ಲಿ. ನಮ್ಮ ಒಂದು ಯುಗಾದಿ ಊಟದ ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ! 2023ರ ಕೌನ್ಸಿಲ್ ಚುನಾವಣೆಯಲ್ಲಂತೂ ನವೆಂಬರ್‌ನಲ್ಲಿ ಕೂಡ ನೂರಕ್ಕೆ ಹದಿನೈದು ಮಂದಿಯೂ ಮತಗಟ್ಟೆಯ ಮುಖ ನೋಡಲಿಲ್ಲ.

ಕೌನ್ಸಿಲ್ ಏನು ಕಡಿದು ಗುಡ್ಡೆ ಹಾಕುತ್ತದೆ ಎಂದು ಕೇಳುವವರೂ ಇದ್ದಾರೆ. ಬಾಡಿಗೆ ಮನೆ ಹುಡುಕಿದವರಿಗೆ ಬ್ರೋಕರ್ ಕಾಟ ಗೊತ್ತು. ಆ ಮನುಷ್ಯನನ್ನು ಕರೆಸಿದ್ದು ಮನೆ ಮಾಲೀಕ, ದುಡ್ಡು ತೆರುತ್ತಿದ್ದವರು ನಾವು. ಎಷ್ಟೋ ಸಲ ವರ್ಷದ ಬಾಡಿಗೆಯ ಶೇಕಡ 15ರವರೆಗೆ. ಹೊಸದಾಗಿ ಬಂದ ಹುಡುಗರು ಮೊದಲ ಸಂಬಳ ಬರುವ ಮುನ್ನವೇ ಸಾಲಕ್ಕೆ ಕೈಯೊಡ್ಡುವಂತಾಗುತ್ತಿತ್ತು. ಕರೆಸಿದವನೇ ಹಣ ಕೊಡಬೇಕೆಂಬ ಕಾನೂನನ್ನು 2024ರ ನವೆಂಬರ್‌ನಲ್ಲಿ ಅಂಗೀಕರಿಸಿದ್ದು ಇದೇ ಕೌನ್ಸಿಲ್. ಅದು 2025ರ ಜೂನ್‌ನಲ್ಲಿ ಜಾರಿಗೆ ಬಂತು. ಮಸೂದೆ ತಂದ ಚೀ ಓಸೆ ಬ್ರೂಕ್ಲಿನ್‌ನವರು, 2021ರಲ್ಲಿ ಇಪ್ಪತ್ತಮೂರರ ವಯಸ್ಸಿಗೆ ಗೆದ್ದು ಬಂದವರು. ಅದೇ ವರ್ಷ ಕ್ವೀನ್ಸ್‌ನಿಂದ ಶೇಖರ್ ಕೃಷ್ಣನ್, ಬ್ರೂಕ್ಲಿನ್‌ನಿಂದ ಶಹಾನಾ ಹನೀಫ್ ಗೆದ್ದರು. ಅಲ್ಲಿಯವರೆಗೆ ದಕ್ಷಿಣ ಏಷ್ಯಾ ಮೂಲದ ಒಬ್ಬರೂ ಆ ಸಭೆಯಲ್ಲಿ ಕುಳಿತಿರಲಿಲ್ಲ.

ಮತಪತ್ರದ ವಿಷಯ ಹೇಳಿಬಿಡುತ್ತೇನೆ. ಪ್ರೈಮರಿಯಲ್ಲಿ ಒಬ್ಬರಿಗೇ ಮತ ಹಾಕಬೇಕೆಂದಿಲ್ಲ. ಎಡಗಡೆ ಹೆಸರುಗಳು, ಅವುಗಳ ಎದುರಿಗೆ ಒಂದರಿಂದ ಐದರವರೆಗೆ ಅಂಡಾಕಾರದ ಖಾಲಿ ಗುರುತುಗಳು. ಮೊದಲ ಆಯ್ಕೆಯವರು ಎಣಿಕೆಯಲ್ಲಿ ಹೊರಬಿದ್ದರೆ ನಿಮ್ಮ ಮತ ಎರಡನೆಯವರಿಗೆ ಹೋಗುತ್ತದೆ. ಕೆಲವರು ಪ್ರೀತಿ ಉಕ್ಕಿ ಒಬ್ಬರ ಎದುರಿಗೇ ಐದೂ ಗುರುತು ತುಂಬುತ್ತಾರೆ. ಅದರಿಂದ ಐದು ಪಟ್ಟು ಬಲವೇನೂ ಬರುವುದಿಲ್ಲ; ಉಳಿದ ನಾಲ್ಕು ಆಯ್ಕೆಗಳು ವ್ಯರ್ಥ. ಒಂದೇ ಅಂಕಣದಲ್ಲಿ ಇಬ್ಬರಿಗೆ ಗುರುತು ಹಾಕುವುದು ಅದಕ್ಕಿಂತಲೂ ಕೆಟ್ಟದ್ದು.

ಗ್ರೀನ್ ಕಾರ್ಡ್ ಹಿಡಿದು ಇಲ್ಲವೇ ವೀಸಾದ ಮೇಲೆ ಬದುಕುತ್ತಾ ತೆರಿಗೆ ಕಟ್ಟುವವರ ಕಥೆ ಬೇರೆ. ಸುಮಾರು ಎಂಟು ಲಕ್ಷ ಅಂಥವರಿಗೆ ನಗರದ ಚುನಾವಣೆಗಳಲ್ಲಿ ಮತ ಕೊಡಲು 2021ರ ಡಿಸೆಂಬರ್‌ನಲ್ಲಿ ಕೌನ್ಸಿಲ್ ಕಾನೂನು ಮಾಡಿತು. ಅದು ಜಾರಿಯಾಗಲೇ ಇಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವರ ಕೈ ಕಟ್ಟಿದೆ. ನಿಮ್ಮದನ್ನು ಯಾರು ಕಟ್ಟಿದರು?

ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲವೆಂದು ಇಲ್ಲಿ ಕುಳಿತು ಪುಟಗಟ್ಟಲೆ ಬರೆಯುತ್ತೀರಿ. ಬರೆಯಿರಿ, ನಾನೂ ಲೈಕ್ ಒತ್ತಿದ್ದೇನೆ. ಫ್ಲಷಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ ಅಧ್ಯಕ್ಷರ ವಿದೇಶಾಂಗ ನೀತಿಯನ್ನೂ ತಿದ್ದುತ್ತೀರಿ. ಹೊರಗೆ ಬೌನ್ ಸ್ಟ್ರೀಟ್‌ಗೆ ಗಣೇಶ ದೇವಸ್ಥಾನದ ಹೆಸರನ್ನೂ ಸೇರಿಸಿದ ಫಲಕದ ಕೆಳಗೆ ಸೆಲ್ಫಿ ಬೇರೆ. ಬೀದಿಗಳಿಗೆ ಹಾಗೆ ಇನ್ನೊಂದು ಹೆಸರು ಕೊಡುವ ಕಾನೂನು ಮಾಡುವುದೂ ಕೌನ್ಸಿಲ್ಲೇ. ನಿಮ್ಮ ಕೌನ್ಸಿಲ್ ಸದಸ್ಯರ ಹೆಸರು ಹೇಳಿ ನೋಡೋಣ.

ಮುಂದಿನ ಕೌನ್ಸಿಲ್ ಚುನಾವಣೆ 2029ಕ್ಕೆ. ಈಗಾಗಲೇ ಮತದಾರರಾಗಿರುವವರು ಆ ವರ್ಷದ ಪ್ರೈಮರಿಗೆ ಪಕ್ಷದಲ್ಲಿ ಹೆಸರು ಸೇರಿಸಿಕೊಳ್ಳಲು ಫೆಬ್ರವರಿ 14 ಕೊನೆಯ ದಿನ. ಮನೆಯಲ್ಲಿ ಕುಳಿತೇ ಆನ್‌ಲೈನ್‌ನಲ್ಲಿ ಮುಗಿಸಬಹುದು. ನಡುವೆ ಸ್ಥಾನ ತೆರವಾಗಿ ಉಪಚುನಾವಣೆ ಬಂದರೆ ಅದಕ್ಕೆ ಪಕ್ಷದ ಹಂಗೂ ಇಲ್ಲ, ಕ್ಷೇತ್ರದ ಮತದಾರರೆಲ್ಲರೂ ಹೋಗಬಹುದು. ಆಗಲೂ ಬರದಿದ್ದರೆ ಯಾವ ನೆಪ ಹೇಳುತ್ತೀರೋ, ಕಾಮೆಂಟಿನಲ್ಲಿ ಈಗಲೇ ಬರೆದಿಡಿ.