ಅಮೆರಿಕದ ಹದಿನಾಲ್ಕು ವರ್ಷದ ಡ್ರೈ ಡೇ

ಮತದಾನಕ್ಕೆ ಮುಂಚೆ ಎರಡು ದಿನ ಡ್ರೈ ಡೇ ಎಂದು ಗೊತ್ತಾದರೆ ಸಾಕು, ಹಿಂದಿನ ಸಂಜೆ ನಮ್ಮೂರ ವೈನ್ ಶಾಪಿನ ಮುಂದೆ ರೇಷನ್ ಅಂಗಡಿಯನ್ನು ನಾಚಿಸುವ ಕ್ಯೂ. ದಿನಾ ಒಂದು ಕ್ವಾರ್ಟರಿನಲ್ಲಿ ತೃಪ್ತರಾಗುವ ಪಕ್ಕದ ಮನೆ ಯಜಮಾನರು ಅವತ್ತು ತರಕಾರಿ ಚೀಲ ಹಿಡಿದು ಹೊರಡುತ್ತಾರೆ. ವಾಪಸ್ ಬರುವಾಗ ಮೇಲೆ ಒಂದು ಕಟ್ಟು ಕೊತ್ತಂಬರಿ, ಕೆಳಗೆ ಕಿಣಿಕಿಣಿ.

ಎರಡು ದಿನಕ್ಕೇ ಹೀಗೆ. ಅಮೆರಿಕದವರು 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಡ್ರೈ ಡೇ ಆಚರಿಸಿದರು. ಹತ್ತಿರ ಹತ್ತಿರ ರಾಮನ ವನವಾಸದಷ್ಟು. ಆದರೆ ಇವರು ಕಾಡಿಗೆ ಹೋಗಲಿಲ್ಲ, ನೆಲಮಾಳಿಗೆಗೆ ಹೋದರು.

ಸಂವಿಧಾನಕ್ಕೇ 18ನೇ ತಿದ್ದುಪಡಿ ತಂದ ಆ ಮಹನೀಯರ ಜಾಣತನಕ್ಕೆ ಸಾಷ್ಟಾಂಗ ನಮಸ್ಕಾರ. ಹೆಂಡ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಸಾಗಿಸುವಂತಿಲ್ಲ. ಕುಡಿಯಬಹುದು! ಮೊದಲೇ ಉಗ್ರಾಣ ತುಂಬಿಸಿಕೊಂಡ ಸಾಹುಕಾರ ಮನೆಯಲ್ಲಿ ಕೂತು ಕಾನೂನುಬದ್ಧವಾಗಿ ತೂರಾಡಬಹುದಿತ್ತು. ಕಾಯಿಲೆ ಬಿದ್ದವರಿಗೆ ಡಾಕ್ಟರು ವಿಸ್ಕಿಯನ್ನೇ ಚೀಟಿಯಲ್ಲಿ ಬರೆದುಕೊಡಬಹುದಿತ್ತು. ಕಾಯಿಲೆಗಳಿಗೇನು ಬರ.

ನನಗೆ ತುಂಬ ಇಷ್ಟವಾದದ್ದು ದ್ರಾಕ್ಷಿ ಇಟ್ಟಿಗೆ. ದ್ರಾಕ್ಷಿರಸವನ್ನು ಗಟ್ಟಿಮಾಡಿ ಇಟ್ಟಿಗೆಯಂತೆ ಕಟ್ಟಿ ಮಾರುತ್ತಿದ್ದರು. ಜೊತೆಗೊಂದು ಎಚ್ಚರಿಕೆ: ಇದನ್ನು ನೀರಿನಲ್ಲಿ ಕರಗಿಸಿ ಕಪಾಟಿನಲ್ಲಿ ಇಪ್ಪತ್ತು ದಿನ ಇಟ್ಟುಬಿಟ್ಟೀರಿ, ಜೋಕೆ, ವೈನ್ ಆಗಿಬಿಡುತ್ತದೆ! ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಮುಚ್ಚಿಡಬೇಡಿ, ಮೊಸರಾದೀತು ಎಂದ ಹಾಗೆ. ನಮ್ಮ ಅಡುಗೆ ಪುಸ್ತಕದವರು 'ರುಚಿಗೆ ತಕ್ಕಷ್ಟು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ನೋಡಿ, ದಿನದ ಲೆಕ್ಕವೂ ಇದೆ.

ಕಾನೂನು ಮಾಡಿದವರಾದರೂ ಒಣಗಿದರೇ? ಜಾರ್ಜ್ ಕ್ಯಾಸಿಡೇ ಎಂಬಾತ ಸಂಸದರ ಕಚೇರಿ ಕಟ್ಟಡದಲ್ಲೇ ಕೋಣೆ ಹಿಡಿದು ಅವರಿಗೆಲ್ಲ ಎಣ್ಣೆ ತಲುಪಿಸುತ್ತಿದ್ದ. 1925ರಲ್ಲಿ ಸಿಕ್ಕಿಬಿದ್ದಾಗ ತಲೆಯ ಮೇಲೆ ಹಸಿರು ಟೋಪಿ. ಕೆಳಮನೆಯ ಕಟ್ಟಡಕ್ಕೆ ಪ್ರವೇಶ ನಿಷೇಧಿಸಿದರು. ಆತ ಮೇಲ್ಮನೆಯವರ ಸೇವೆಗೆ ಹೊರಟ. ಬಡ್ತಿ ಎಂದರೆ ಇದು.

ಇಲ್ಲಿಯವರೆಗೆ ನಗಬಹುದು. ಕಳ್ಳಭಟ್ಟಿಯವರು ಕಾರ್ಖಾನೆಯ ಆಲ್ಕೋಹಾಲ್ ಕದ್ದು ಶುದ್ಧಮಾಡಿ ಮಾರುತ್ತಾರೆಂದು ಸರ್ಕಾರ, ಯಾರೂ ಕುಡಿಯದಿರಲೆಂದು ಅದಕ್ಕೆ ಬೆರೆಸುತ್ತಿದ್ದ ವಿಷವನ್ನೇ ಹೆಚ್ಚಿಸಿತು. ಜನ ಕುಡಿಯುತ್ತಾರೆಂದು ಗೊತ್ತಿದ್ದೇ ಹೆಚ್ಚಿಸಿತು. 1926ರ ಕ್ರಿಸ್‌ಮಸ್‌ಗೆ ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ಹೆಣಗಳು ಬಂದವು, ಕಣ್ಣು ಕಳೆದುಕೊಂಡವರು ಬಂದರು. ಸಾಯುತ್ತಿರುವವರು ಒಳ್ಳೆಯ ಮಾಲು ಕೊಳ್ಳಲಾಗದ ಬಡವರು ಎಂದು ನಗರದ ಮುಖ್ಯ ಶವಪರೀಕ್ಷಕ ಚಾರ್ಲ್ಸ್ ನಾರಿಸ್ ಕೂಗಿ ಹೇಳಿದ. ಪಾನನಿರೋಧದ ಸೂತ್ರಧಾರ ವೇಯ್ನ್ ವೀಲರ್ ಏನೆಂದ ಗೊತ್ತೇ? ಅಂಥದ್ದನ್ನು ಕುಡಿಯುವವನು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾನೆ ಎಂದ. ವಿಷ ಹಾಕಿದ್ದು ನೀನು, ಸತ್ತವನ ಮೇಲೆ ಕೇಸು. ಇದಕ್ಕೆ ವ್ಯಂಗ್ಯ ಹುಡುಕಲು ನನ್ನಿಂದಾಗದು. ಸುಸ್ತಾಗುತ್ತದೆ.

ತಿದ್ದುಪಡಿ ಮಂಡಿಸಿದ್ದ ಟೆಕ್ಸಾಸಿನ ಸೆನೆಟರ್ ಮಾರಿಸ್ ಶೆಪರ್ಡ್ 1930ರಲ್ಲೂ ಕುಗ್ಗಿರಲಿಲ್ಲ. ಈ ಕಾನೂನು ರದ್ದಾಗುವುದೂ ಒಂದೇ, ಹಮ್ಮಿಂಗ್‌ಬರ್ಡ್ ಎಂಬ ಪುಟಾಣಿ ಹಕ್ಕಿಯೊಂದು ವಾಷಿಂಗ್ಟನ್ ಸ್ಮಾರಕವನ್ನು ಬಾಲಕ್ಕೆ ಕಟ್ಟಿಕೊಂಡು ಮಂಗಳಗ್ರಹಕ್ಕೆ ಹಾರುವುದೂ ಒಂದೇ ಎಂದಿದ್ದ. ಹಕ್ಕಿ ಮೂರೇ ವರ್ಷಕ್ಕೆ ತಲುಪಿತು. ರದ್ದತಿಗೆ ಬೇಕಿದ್ದ 36ನೇ ರಾಜ್ಯವಾಗಿ ಕೊನೆಯ ಓಟು ಹಾಕಿ ಅದನ್ನು ಹಾರಿಸಿದ್ದು ಯೂಟಾ. ಕಾಫಿಯನ್ನೂ ಮುಟ್ಟಬಾರದು ಎನ್ನುವ ಮಾರ್ಮನ್ ಪಂಥದವರ ರಾಜ್ಯ.