ಎರಡನೇ ಮದುವೆ ಅಪರಾಧ, ಸರಿ. ಆ ಹೆಣ್ಣುಮಗಳ ಪಾಡೇನು?

ಬಹುಪತ್ನಿತ್ವದ ಮಾತು ಎತ್ತಿದರೆ ಸಾಕು, ನಮ್ಮಲ್ಲಿ ಚರ್ಚೆ ಎರಡೇ ನಿಮಿಷಕ್ಕೆ ಧರ್ಮದ ಜಗಳವಾಗುತ್ತದೆ. ‘ಅವರಿಗೆ ನಾಲ್ಕು, ನಮಗೆ ಯಾಕೆ ಒಂದೇ’ ಅನ್ನುವಲ್ಲಿ ಶುರುವಾಗಿ ಅಲ್ಲೇ ನಿಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ನನ್ನ ಗಂಡನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ’ ಎಂದ ವಿವಾಹಿತೆಯರು ದೇಶದಲ್ಲಿ ಶೇ. 1.4. ಮುಸ್ಲಿಮರಲ್ಲಿ ಶೇ. 1.9, ಹಿಂದೂಗಳಲ್ಲಿ ಶೇ. 1.3. ಒಂದು ಕಡೆ ಅನುಮತಿ, ಇನ್ನೊಂದು ಕಡೆ 1955ರಿಂದ ನಿಷೇಧ. ಆದರೂ ಅಂತರ ಇಷ್ಟೇ. ಮಂಡ್ಯದ ಕಡೆ ‘ಹಿರೀಹೆಂಡ್ತಿ ಮಕ್ಳು, ಕಿರೀಹೆಂಡ್ತಿ ಮಕ್ಳು’ ಅನ್ನುವ ಮಾತು ಇವತ್ತಿಗೂ ಪಾಲಿನ ಪಂಚಾಯ್ತಿಯಲ್ಲಿ ಕೇಳಿಬರುವುದು ಸುಮ್ಮನೆ ಅಲ್ಲ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಒಬ್ಬರಿಗೆ ಒಬ್ಬರೇ ಸಂಗಾತಿ ಎಂಬ ನಿಯಮ ಇರಬೇಕು, ಎಲ್ಲ ಧರ್ಮದವರಿಗೂ ಇರಬೇಕು. ಆದರೆ ಬರೀ ಶಿಕ್ಷೆ ಬರೆದು ಕೈತೊಳೆದುಕೊಳ್ಳುವ ಕಾನೂನು ಗಂಡಸನ್ನು ಬಿಟ್ಟು ಇಬ್ಬರು ಹೆಂಗಸರನ್ನು ಹಿಡಿಯುತ್ತದೆ. ಮದುವೆಗೆ ಮುಂಚೆ ಯಾರಿಗೆ ಗೊತ್ತಾಗಬೇಕು, ಆಸ್ತಿ ಯಾರಿಗೆ ಎಷ್ಟು, ಮೋಸ ಹೋದವಳಿಗೆ ಏನು ದಾರಿ? ಕಾನೂನನ್ನು ಅಳೆಯಬೇಕಾದ್ದು ಈ ಮೂರು ಪ್ರಶ್ನೆಗಳಿಂದ.

ಹೊರಗಿನವರು ಏನು ಮಾಡಿದ್ದಾರೆ ನೋಡಿ. ಟರ್ಕಿ 1926ರಲ್ಲಿ, ಟ್ಯುನೀಶಿಯಾ 1956ರಲ್ಲಿ ಬಹುಪತ್ನಿತ್ವವನ್ನು ಪೂರ್ತಿ ತೆಗೆದುಹಾಕಿದವು. ಪಾಕಿಸ್ತಾನ 1961ರಲ್ಲಿ ನಿಷೇಧಿಸದೆ ಗೇಟು ಹಾಕಿತು: ಇನ್ನೊಂದು ಮದುವೆಗೆ ಮಧ್ಯಸ್ಥಿಕೆ ಮಂಡಳಿಯ ಲಿಖಿತ ಅನುಮತಿ ಬೇಕು. ಇಲ್ಲದೆ ಮಾಡಿಕೊಂಡರೆ ಮದುವೆ ಊರ್ಜಿತ, ಆದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ಮೊದಲ ಹೆಂಡತಿಯ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಪೂರ್ತಿ ಆಗಿಂದಾಗಲೇ ಕೊಡಬೇಕು. ಭಾರತದ ಮುಸ್ಲಿಂ ಹೆಣ್ಣುಮಕ್ಕಳಿಗೆ ಇಂಥದ್ದೊಂದು ಸಣ್ಣ ತಡೆಯೂ ವೈಯಕ್ತಿಕ ಕಾನೂನಿನಲ್ಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಸೆನೆಗಲ್‌ನಲ್ಲಿ ಮದುವೆ ನೋಂದಣಿಯ ಹೊತ್ತಿಗೇ ಗಂಡು ಘೋಷಿಸಬೇಕು: ಒಬ್ಬಳೇ ಹೆಂಡತಿಯೋ, ಇಷ್ಟೇ ಎಂಬ ಮಿತಿಯೋ, ನಾಲ್ವರವರೆಗೋ ಎಂದು. ವಧುವಿಗೆ ಎದುರಿಗೇ ಗೊತ್ತಾಗುತ್ತದೆ. ಆದರೆ ಅಲ್ಲೊಂದು ತೂತಿದೆ: ಅವನು ಏನೂ ಹೇಳದಿದ್ದರೆ ಬಹುಪತ್ನಿತ್ವ ಆರಿಸಿಕೊಂಡಂತೆಯೇ ಲೆಕ್ಕ. ಬಾಯಿ ಮುಚ್ಚಿಕೊಂಡವನಿಗೆ ಲಾಭ.

ದಕ್ಷಿಣ ಆಫ್ರಿಕಾದ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿನ 1998ರ ಕಾಯ್ದೆಯ ಪ್ರಕಾರ ಸಾಂಪ್ರದಾಯಿಕ ಪದ್ಧತಿಯಲ್ಲಿ ಇನ್ನೊಂದು ಮದುವೆಯಾಗುವವನು ಆಸ್ತಿ ಹೇಗೆ ಹಂಚಿಕೆಯಾಗುತ್ತದೆ ಎಂಬ ಲಿಖಿತ ಕರಾರನ್ನು ಕೋರ್ಟಿಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಈಗಿರುವ ಹೆಂಡತಿ, ಬರಲಿರುವ ಹೆಂಡತಿ ಇಬ್ಬರೂ ಆ ಅರ್ಜಿಯಲ್ಲಿ ಪಕ್ಷಗಾರರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಕಾಣೆ. ಆದರೂ 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟ ಪ್ರಕರಣದಲ್ಲಿ ಇಬ್ಬರು ಹೆಂಗಸರು ಎದುರುಬದುರಾದದ್ದು ಗಂಡ ತೀರಿಹೋದ ಮೇಲೆ. ಆ ಸಮುದಾಯದ ಪದ್ಧತಿಯಂತೆ ಮೊದಲ ಹೆಂಡತಿಯ ಒಪ್ಪಿಗೆ ಇರಲಿಲ್ಲವೆಂದು ಎರಡನೇ ಮದುವೆ ಬಿದ್ದುಹೋಯಿತು. ಸತ್ತವನಿಗೆ ಯಾವ ಶಿಕ್ಷೆ?

ಅಮೆರಿಕದ ಯೂಟಾ ರಾಜ್ಯದ ತಿದ್ದುಪಡಿಯನ್ನು ನಮ್ಮವರು ‘ಬಹುಪತ್ನಿತ್ವ ಕಾನೂನುಬದ್ಧವಾಯಿತು’ ಎಂದು ಹಂಚಿಕೊಂಡರು. ಅದು ತಪ್ಪು. 2020ರಲ್ಲಿ ಒಪ್ಪಿಗೆಯಿರುವ ವಯಸ್ಕರ ಪ್ರಕರಣದಲ್ಲಿ ಜೈಲುಶಿಕ್ಷೆಯ ಅಪರಾಧವನ್ನು ದಂಡದ ಮಟ್ಟಕ್ಕೆ ಇಳಿಸಿದರು, ಅಷ್ಟೆ. ಬಲವಂತ, ವಂಚನೆ ಇದ್ದರೆ ಈಗಲೂ ಘೋರ ಅಪರಾಧವೇ. ಕಾರಣವೂ ಯೋಚಿಸುವಂಥದ್ದು: ಇಂಥ ಮನೆಗಳಲ್ಲಿ ಹೊಡೆತ ತಿಂದವರು ‘ದೂರು ಕೊಟ್ಟರೆ ನಾವೇ ಅಪರಾಧಿಗಳಾಗುತ್ತೇವೆ’ ಎಂದು ಹೆದರಿ ಸುಮ್ಮನಿರುತ್ತಿದ್ದರು.

ಈಗ ನಮ್ಮ ಊರಿಗೆ ಬರೋಣ. ಹಿಂದೂ ವಿವಾಹ ಕಾಯ್ದೆಯ 5ನೇ ಕಲಮಿನಂತೆ ಮದುವೆ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಬದುಕಿರುವ ಸಂಗಾತಿ ಇರಕೂಡದು. ಇದ್ದರೆ 11ನೇ ಕಲಮಿನಂತೆ ಆ ಮದುವೆ ಶೂನ್ಯ. 2024ರ ಜುಲೈ 1ರಿಂದ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿದೆ: 7 ವರ್ಷದವರೆಗೆ, ಮೊದಲ ಮದುವೆ ಮುಚ್ಚಿಟ್ಟು ಮಾಡಿಕೊಂಡಿದ್ದರೆ 10 ವರ್ಷದವರೆಗೆ. ಓದಲು ಭಯಂಕರ. ಹಾಗಿದ್ದೂ ಕೇಸು ನಿಲ್ಲುವುದು ಯಾಕಿಷ್ಟು ಕಷ್ಟ?

1965ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಎರಡನೇ ಮದುವೆಯೂ ಶಾಸ್ತ್ರೋಕ್ತವಾಗಿ ನಡೆದಿದೆ ಎಂದು ಸಾಬೀತಾದರೆ ಮಾತ್ರ ದ್ವಿವಿವಾಹದ ಅಪರಾಧ. ಜೊತೆಗಿದ್ದಾರೆ, ಮಗು ಹುಟ್ಟಿದೆ, ರೇಷನ್ ಕಾರ್ಡಿನಲ್ಲಿ ಹೆಸರಿದೆ ಅನ್ನುವುದು ಸಾಲದು. ‘ಹೌದು, ಮದುವೆಯಾಗಿದ್ದೇನೆ’ ಎಂದು ಅವನೇ ಒಪ್ಪಿಕೊಂಡರೂ ಅದೊಂದೇ ಸಾಲದು. ಧಾರೆ ಎರೆದದ್ದು, ತಾಳಿ ಕಟ್ಟಿದ್ದು, ಆ ಸಮುದಾಯದ ಪದ್ಧತಿಯಲ್ಲಿ ಸಪ್ತಪದಿ ಇದ್ದರೆ ಅದನ್ನು ತುಳಿದದ್ದು, ಇದನ್ನೆಲ್ಲ ಕಣ್ಣಾರೆ ಕಂಡವರು ಬಂದು ಹೇಳಬೇಕು. ಯಾವುದೋ ದೇವಸ್ಥಾನದಲ್ಲಿ ನಾಲ್ಕೇ ಜನರೆದುರು ಹಾರ ಬದಲಾಯಿಸಿಕೊಂಡವನು ಇದೇ ಸಂದಿಯಲ್ಲಿ ನುಣುಚಿಕೊಳ್ಳುತ್ತಾನೆ. ಆದ್ದರಿಂದ ಮೊದಲ ಹೆಂಡತಿ ಜೋಪಾನ ಮಾಡಬೇಕಾದ್ದು ತನ್ನ ಮದುವೆಯ ಲಗ್ನಪತ್ರಿಕೆ, ಫೋಟೊ, ಛತ್ರದ ರಸೀದಿ. ಕಲೆಹಾಕಬೇಕಾದ್ದು ಆ ಇನ್ನೊಂದು ಮದುವೆಯ ಪುರೋಹಿತರು, ಫೋಟೊದವರು, ನೆಂಟರ ಹೆಸರು. ಪೊಲೀಸ್ ಠಾಣೆಯಲ್ಲಿ ‘ಇದು ನಮ್ಮ ಕೈಲಿಲ್ಲ’ ಎಂದರೆ ಬೇಸರಪಡಬೇಡಿ, ಇದು ಅಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು. ಹೆಂಡತಿಯ ಪರವಾಗಿ ಅವಳ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಸೋದರಮಾವ, ಚಿಕ್ಕಪ್ಪ ಕೂಡ ಹಾಕಬಹುದು.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಮನೆ ಮುರಿಯುವ ಕಾಗದ ಯಾವುದು ಅಂದರೆ, ಛಾಪಾ ಕಾಗದದ ಮೇಲಿನ ಬಿಡುಗಡೆ ಪತ್ರ. ‘ಇಂದಿನಿಂದ ನನಗೂ ನಿಮಗೂ ಯಾವುದೇ ಸಂಬಂಧವಿರುವುದಿಲ್ಲ, ನೀವು ಬೇರೆ ಮದುವೆಯಾಗಲು ನನ್ನ ಅಡ್ಡಿಯಿಲ್ಲ’ ಎಂದು ಬರೆಸಿ, ಊರಿನ ಯಜಮಾನರು ಸಾಕ್ಷಿ ಹಾಕಿ, ನೋಟರಿ ಸೀಲು ಒತ್ತಿಸಿ, ಅದನ್ನು ಡೈವೋರ್ಸ್ ಎಂದು ನಂಬಿ ಹೊಸ ಸಂಬಂಧ ಹುಡುಕುತ್ತಾರೆ. ನೋಟರಿಗೆ ವಿಚ್ಛೇದನ ಕೊಡುವ ಅಧಿಕಾರ ಇಲ್ಲ. ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮಿನಲ್ಲಿ ಜಾಗವಿದೆ ನಿಜ. ಆದರೆ ತಮ್ಮ ಸಮುದಾಯದಲ್ಲಿ ಆ ರೂಢಿ ಬಹುಕಾಲದಿಂದ ಬಿಡದೆ ನಡೆದುಬಂದಿದೆ ಎಂದು ಅದನ್ನು ಹೇಳುವವರೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆಗದಿದ್ದರೆ ಹತ್ತು ವರ್ಷ ಸಂಸಾರ ಮಾಡಿದ ‘ಎರಡನೆಯವಳು’ ಒಂದು ಬೆಳಗ್ಗೆ ಕಾನೂನಿನ ಕಣ್ಣಲ್ಲಿ ಯಾರೂ ಅಲ್ಲ.

ಈ ಸತ್ಯ ಸಾಮಾನ್ಯವಾಗಿ ಹೊರಬೀಳುವುದು ಗಂಡ ತೀರಿಕೊಂಡು ಪೌತಿಖಾತೆಗೆ, ಅಂದರೆ ಅವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಬರೆಸುವಾಗ. ಒಂದು ಲೆಕ್ಕ ಹಾಕೋಣ. ಗಂಡನ ಸ್ವಯಾರ್ಜಿತ ಜಮೀನು 3 ಎಕರೆ, ಅಂದರೆ 120 ಗುಂಟೆ. ವಿಲ್ ಇಲ್ಲ. ಮೊದಲ ಹೆಂಡತಿ, ಅವಳ ಒಬ್ಬ ಮಗ, ಒಬ್ಬ ಮಗಳು. ಎರಡನೆಯವಳು, ಅವಳಿಗೊಬ್ಬ ಮಗ. ಗಂಡನ ತಾಯಿ ಬದುಕಿಲ್ಲ. ಮದುವೆ ಶೂನ್ಯವಾದರೂ ಹಿಂದೂ ವಿವಾಹ ಕಾಯ್ದೆಯ 16ನೇ ಕಲಮಿನಂತೆ ಮಗು ನ್ಯಾಯಸಮ್ಮತ. ಹಾಗಾಗಿ ಪಾಲು ನಾಲ್ಕು: ಮೊದಲ ಹೆಂಡತಿ, ಅವಳ ಇಬ್ಬರು ಮಕ್ಕಳು, ಎರಡನೆಯವಳ ಮಗ, ತಲಾ 30 ಗುಂಟೆ. ಎರಡನೆಯವಳಿಗೆ ಸೊನ್ನೆ. ಅದೇ ಜಮೀನು ಪಿತ್ರಾರ್ಜಿತವಾಗಿದ್ದರೆ ಮೊದಲು ತಂದೆಯ ಪಾಲೆಷ್ಟು ಎಂದು ತೆಗೆಯಬೇಕು. ಅದು 40 ಗುಂಟೆ ಬಂತು ಎಂದಿಟ್ಟುಕೊಳ್ಳಿ, ಆ 40ರಲ್ಲಿ ಮಾತ್ರ ಈ ಮಗನಿಗೆ ಕಾಲು ಭಾಗ, 10 ಗುಂಟೆ. ತಾತನ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಅವನಿಗಿಲ್ಲ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದ ರೇವಣಸಿದ್ದಪ್ಪ ಪ್ರಕರಣ ಹೋಗಿದ್ದೇ ಕರ್ನಾಟಕದಿಂದ. ‘ಇಟ್ಟುಕೊಂಡವಳ ಮಗನಿಗೆ ಏನೂ ಬರಲ್ಲ’ ಎಂದು ಗದರಿಸಿ ಓಡಿಸುವವರು ಇದನ್ನೊಮ್ಮೆ ಓದಲಿ.

ಎರಡನೆಯವಳಿಗೆ ಪಾಲಿಲ್ಲ, ಆದರೆ ಎಲ್ಲ ಬಾಗಿಲೂ ಮುಚ್ಚಿಲ್ಲ. ಮೊದಲ ಮದುವೆ ಮುಚ್ಚಿಟ್ಟು ಮೋಸ ಮಾಡಿದ್ದರೆ ಅವಳು ಜೀವನಾಂಶ ಕೇಳಬಹುದು ಎಂದು 2013ರ ಬಾದಶಾಹ್ ಪ್ರಕರಣದಲ್ಲಿ ತೀರ್ಪಾಗಿದೆ. ಶೂನ್ಯ ವಿವಾಹವೆಂದು ಘೋಷಣೆಯಾದರೂ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶ ಕೇಳಬಹುದು ಎಂದು 2025ರ ಫೆಬ್ರವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದರೆ ಗೊತ್ತಿದ್ದೂ ವಿವಾಹಿತನೊಡನೆ ಹೋದವಳಿಗೆ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆಯೂ ಕಷ್ಟ. 2013ರ ಇಂದ್ರಾ ಶರ್ಮಾ ತೀರ್ಪು ಹಾಗಿದೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಬಡತನದಲ್ಲಿ, ತವರಿನ ಒತ್ತಾಯಕ್ಕೆ ‘ಗೊತ್ತಿದ್ದೂ’ ಒಪ್ಪಿದವಳ ಒಪ್ಪಿಗೆ ಎಂಥದ್ದು? ಗಂಡುಮಗು ಆಗಲಿಲ್ಲವೆಂದು ಮೊದಲ ಹೆಂಡತಿಯ ಸ್ವಂತ ತಂಗಿಯನ್ನೇ ತಂದುಕೊಂಡ ಮನೆಗಳಲ್ಲಿ ಯಾರ ಇಚ್ಛೆ ನಡೆದಿದೆ ಎಂದು ಎಲ್ಲರಿಗೂ ಗೊತ್ತು.

ಪರಿಶಿಷ್ಟ ಪಂಗಡದವರಿಗೆ ಹಿಂದೂ ವಿವಾಹ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಎಚ್.ಡಿ. ಕೋಟೆಯ ಜೇನುಕುರುಬರ ಮನೆಯ ಮದುವೆಯನ್ನು ಅವರ ರೂಢಿಯಿಂದಲೇ ತೂಗಬೇಕು. 2025ರ ಜನವರಿಯಲ್ಲಿ ಜಾರಿಯಾದ ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆಯೂ ಪರಿಶಿಷ್ಟ ಪಂಗಡದವರನ್ನು ಹೊರಗಿಟ್ಟಿದೆ.

ಇನ್ನು ಪಾಲಿಅಮೊರಿ. ಎಲ್ಲರ ಅರಿವಿನಲ್ಲಿ, ಎಲ್ಲರ ಒಪ್ಪಿಗೆಯಿಂದ ಮೂವರೋ ನಾಲ್ವರೋ ಸಂಗಾತಿಗಳಾಗಿರುವುದು. ಮೈಸೂರಿನಂಥ ಊರಿನಲ್ಲೂ ಹೀಗೆ ಬದುಕುವವರು ಇರಬಹುದು, ಮುಚ್ಚಿಟ್ಟುಕೊಂಡು. ಇದನ್ನು ಬಹುಪತ್ನಿತ್ವದ ಜೊತೆ ಕಲಸಬಾರದು: ಇಲ್ಲಿ ಮದುವೆಯ ಹೆಸರಿಲ್ಲ, ಮೋಸವೂ ಇಲ್ಲ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮು 2018ರಲ್ಲಿ ರದ್ದಾದ ಮೇಲೆ ವಯಸ್ಕರು ಹೀಗಿರುವುದು ಅಪರಾಧವಲ್ಲ. ಆದರೆ ಅವರಲ್ಲಿ ಇಬ್ಬರು ಮದುವೆಯಾಗಿದ್ದರೆ ಆ ಇನ್ನೊಂದು ಸಂಬಂಧ ವಿಚ್ಛೇದನಕ್ಕೆ ಕಾರಣವಾಗಬಲ್ಲದು. ಅಮೆರಿಕದ ಸೋಮರ್‌ವಿಲ್ ನಗರ 2020ರಲ್ಲಿ ಇಬ್ಬರಿಗಿಂತ ಹೆಚ್ಚು ಜನರ ಸಹಜೀವನವನ್ನು ನಗರದ ಮಟ್ಟದಲ್ಲಿ ದಾಖಲಿಸತೊಡಗಿತು. ಆಸ್ಪತ್ರೆ ಭೇಟಿಯಂಥ ಹಕ್ಕುಗಳಿಗಾಗಿ. ಬ್ರೆಜಿಲ್‌ನಲ್ಲಿ ನೋಟರಿಗಳು ಮೂವರ ಒಕ್ಕೂಟ ಬರೆದುಕೊಡುತ್ತಿದ್ದುದನ್ನು 2018ರಲ್ಲಿ ರಾಷ್ಟ್ರೀಯ ನ್ಯಾಯ ಮಂಡಳಿ ನಿಲ್ಲಿಸಿತು. ನ್ಯೂಜಿಲೆಂಡ್‌ನ ಸುಪ್ರೀಂ ಕೋರ್ಟ್ 2023ರಲ್ಲಿ ಮೂವರು ಕೂಡಿ ಬಾಳಿದ ಒಂದು ತೋಟದ ವಿವಾದದಲ್ಲಿ, ಮೂವರ ಸಂಬಂಧವನ್ನು ಜೋಡಿಜೋಡಿಯಾಗಿ ಬಿಡಿಸಿ ನೋಡಿ ಆಸ್ತಿ ಹಂಚಿಕೆಯ ಕಾಯ್ದೆ ಅನ್ವಯಿಸಬಹುದು ಎಂದಿತು. ಅದೂ ಐವರಲ್ಲಿ ಮೂವರು ನ್ಯಾಯಮೂರ್ತಿಗಳ ಬಹುಮತದಿಂದ.

ಇಲ್ಲಿ ಹಾಗೆ ಬಾಳುವವರಿಗೆ ಕಾಗದವೊಂದೇ ಆಸರೆ. ಮನೆ ಕೊಳ್ಳುವಾಗ ಕ್ರಯಪತ್ರದಲ್ಲೇ ಎಲ್ಲರ ಹೆಸರು, ಯಾರ ಪಾಲೆಷ್ಟು ಎಂದು ಬರೆಸಿ. ಆಮೇಲೆ ದಾನಪತ್ರ ಮಾಡಿಕೊಂಡರಾಯಿತು ಎಂದು ಬಿಟ್ಟರೆ ರಕ್ತಸಂಬಂಧಿಗಳಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಸಿಗದು, ವರ್ಷಕ್ಕೆ 50,000 ರೂಪಾಯಿ ದಾಟಿದ ಉಡುಗೊರೆ ಆದಾಯ ತೆರಿಗೆಗೂ ಬೀಳುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ನಾಮಿನಿ ಹಣ ಪಡೆಯುವವನು, ಅದರ ಒಡೆಯ ವಾರಸುದಾರನೇ. ವಿಲ್ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಕಡ್ಡಾಯವಲ್ಲದಿದ್ದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ.

ಮಗಳಿಗೆ ಗಂಡು ನೋಡುತ್ತಿರುವವರಿಗೂ ಇಷ್ಟು ಕೇಳಿಕೊಳ್ಳುತ್ತೇನೆ. ‘ಮೊದಲನೆಯದು ಬಿಟ್ಟುಹೋಗಿದೆ’ ಎಂಬ ಸಂಬಂಧ ಬಂದರೆ ಕೋರ್ಟಿನ ಡಿಕ್ರಿಯ ದೃಢೀಕೃತ ನಕಲು ಕೇಳಿ, ಜೆರಾಕ್ಸ್ ಅಲ್ಲ. ಕೇಸ್ ನಂಬರ್ ಹಾಕಿ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಡಿಕ್ರಿಯಾದ ದಿನದಿಂದ ಮೇಲ್ಮನವಿಗೆ 90 ದಿನ ಇರುತ್ತದೆ. ಅದು ಕಳೆಯುವವರೆಗೆ, ಮೇಲ್ಮನವಿ ಹಾಕಿದ್ದರೆ ಅದು ವಜಾ ಆಗುವವರೆಗೆ, ಛತ್ರಕ್ಕೆ ಅಡ್ವಾನ್ಸ್ ಕೊಡಬೇಡಿ.